ಎಸಿ ಕೋಣೆಯಲ್ಲಿ ಒಡೆಯುವ ಚರ್ಮಕ್ಕೆ 10% ಯೂರಿಯಾ ಕ್ರೀಮ್: ಎರಡು ತಿಂಗಳು ಹಚ್ಚಿ ನೋಡಿದ ಮೇಲೆ

ನಾನು ಸಿಟಿ ಸ್ಕ್ಯಾನ್ ವಿಭಾಗದಲ್ಲಿ ಟೆಕ್ನೀಷಿಯನ್. ನಮ್ಮ ಕೋಣೆಯಲ್ಲಿ ಎಸಿ ಓಡುವುದು ಯಂತ್ರಕ್ಕಾಗಿ, ಅಲ್ಲಿ ಕೂತವರಿಗಾಗಿ ಅಲ್ಲ. ಹಾಗಾಗಿ ಅದನ್ನು ಆರಿಸುವ, ಕಡಿಮೆ ಮಾಡುವ ಮಾತೇ ಇಲ್ಲ. ನಡುಬೇಸಿಗೆಯಲ್ಲೂ 21 ಡಿಗ್ರಿ, ದಿನಕ್ಕೆ ಎಂಟು ಗಂಟೆ. ಹೊರಗೆ ಎಲ್ಲರೂ ಬೆವರು ಒರೆಸಿಕೊಳ್ಳುವ ಹೊತ್ತಿನಲ್ಲಿ ನನ್ನ ಮೊಣಕಾಲಿನ ಕೆಳಗಿನ ಚರ್ಮ ಬಿಳಿಚಿಕೊಂಡಿರುತ್ತಿತ್ತು, ಉಗುರಿನಿಂದ ಗೀರಿದರೆ ಸೀಮೆಸುಣ್ಣದಲ್ಲಿ ಎಳೆದಂಥ ಗೆರೆ. ಡ್ಯೂಟಿ ಮುಗಿಸಿ ಸಾಕ್ಸ್ ಬಿಚ್ಚಿದರೆ ಎಲಾಸ್ಟಿಕ್ ಪಟ್ಟಿಯ ಒಳಗೆ ಹಿಟ್ಟಿನಂಥ ಹೊಟ್ಟು. ಕೈಗೆಣ್ಣುಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಸ್ಯಾನಿಟೈಸರ್ ಬಿದ್ದ ಕೂಡಲೇ ಚುರ್ ಅನ್ನುತ್ತಿದ್ದವು.

"ಬೇಸಿಗೆಯಲ್ಲಿ ಯಾರಿಗಾದರೂ ಚರ್ಮ ಒಣಗುತ್ತದೆಯೇ, ನೀರು ಕಡಿಮೆ ಕುಡಿಯುತ್ತೀರಿ ಅಷ್ಟೇ" ಅಂದವರೇ ಹೆಚ್ಚು. ದಿನಕ್ಕೆ ಎರಡೂವರೆ ಲೀಟರ್ ಕುಡಿದೂ ಕಾಲು ಹಾಗೇ ಇತ್ತು. ಉತ್ತರ ಸಿಕ್ಕಿದ್ದು ಎಸಿಯ ನೀರು ಹೋಗುವ ಪೈಪಿನ ಕೆಳಗಿದ್ದ ಬಕೆಟ್ಟಿನಲ್ಲಿ. ಬೆಳಿಗ್ಗೆ ಖಾಲಿ ಇದ್ದದ್ದು ಸಂಜೆಗೆ ಅರ್ಧ ತುಂಬಿರುತ್ತಿತ್ತು. ಎಸಿಯೊಳಗಿನ ತಣ್ಣನೆಯ ಕಾಯಿಲ್‌ಗೆ ಗಾಳಿ ತಾಗಿದಾಗ ಅದರಲ್ಲಿರುವ ತೇವ ಹನಿಗಟ್ಟಿ ಇಳಿದುಹೋಗುತ್ತದೆ. ಬಕೆಟ್ಟಿನಲ್ಲಿದ್ದದ್ದು ನಮ್ಮ ಕೋಣೆಯ ಗಾಳಿಯ ನೀರು. ನಮ್ಮಲ್ಲಿ ತೇವಾಂಶ ತೋರಿಸುವ ಮೀಟರ್ ಗೋಡೆಯ ಮೇಲೇ ಇದೆ, ಯಂತ್ರದ ಸಲುವಾಗಿ ದಿನಾ ಅದನ್ನು ಬರೆದಿಡುತ್ತೇವೆ. ಮಧ್ಯಾಹ್ನದ ಹೊತ್ತಿಗೆ 36, 38 ಶೇಕಡಾ. ಅಂಥ ಗಾಳಿ ಸಿಕ್ಕಿದಲ್ಲಿಂದ ತೇವ ಹೀರುತ್ತದೆ, ಚರ್ಮದಿಂದಲೂ. ಇನ್ನು ಬೇಸಿಗೆ ಎಂದು ಎರಡು ಹೊತ್ತು ಸೋಪು ಹಚ್ಚಿ ಸ್ನಾನ ಮಾಡುವವರು ಚರ್ಮದ ಎಣ್ಣೆಯಂಶವನ್ನೂ ತೊಳೆದುಕೊಂಡು ಆ ಗಾಳಿಯಲ್ಲಿ ಬಂದು ಕೂರುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೆ.

ಮೊದಲು ಕೊಂಡದ್ದು ನೀರಾದ, ಘಮಘಮಿಸುವ ಲೋಷನ್. ಹಚ್ಚಿದ ಅರ್ಧ ಗಂಟೆ ಹಾಯೆನಿಸಿ ಆಮೇಲೆ ಮೊದಲಿನ ಹಾಗೇ ಬಿಗಿತ. ಆಮೇಲೆ ಪೆಟ್ರೋಲಿಯಂ ಜೆಲ್ಲಿ. ಚರ್ಮದಿಂದ ನೀರು ಆರಿಹೋಗುವುದನ್ನು ತಡೆಯುವುದರಲ್ಲಿ ಅದನ್ನು ಮೀರಿಸುವಂಥದ್ದು ಸುಲಭಕ್ಕೆ ಸಿಗುವುದಿಲ್ಲ, ಇದು ಈಗಲೂ ನನ್ನ ಅಭಿಪ್ರಾಯ. ಆದರೆ ಡ್ಯೂಟಿಯಲ್ಲಿ ಅದನ್ನು ಕೈಗೆ ಹಚ್ಚುವ ಹಾಗಿಲ್ಲ. ಮೌಸ್, ಕೀಬೋರ್ಡ್ ಎಲ್ಲ ಜಿಡ್ಡಾಗುವುದು ಒಂದು ಕಡೆ ಇರಲಿ, ಪೆಟ್ರೋಲಿಯಂ ಜೆಲ್ಲಿ ಲ್ಯಾಟೆಕ್ಸ್ ಗ್ಲೌಸನ್ನು ಸಡಿಲಗೊಳಿಸಿ ಹರಿಯುವಂತೆ ಮಾಡುತ್ತದೆ. ಗ್ಲೌಸ್ ಹಾಕಿ ಕೆಲಸ ಮಾಡುವ ಯಾರಿಗೇ ಆದರೂ ಇದು ಗೊತ್ತಿರಬೇಕಾದ ಮಾತು.

ಆಗ ಚರ್ಮದ ಡಾಕ್ಟರು ಹೇಳಿದ್ದು 10% ಯೂರಿಯಾ ಇರುವ ಕ್ರೀಮ್. ಹೆಸರು ಕೇಳಿದ ಕೂಡಲೇ ಸಹೋದ್ಯೋಗಿಯೊಬ್ಬರು "ಅಯ್ಯೋ, ಗೊಬ್ಬರ ಹಚ್ಚಿಕೊಳ್ಳುತ್ತೀರಾ?" ಎಂದು ಗಾಬರಿಯಾದರು. ವಸ್ತು ಅದೇ, ನಿಜ. ಆದರೆ ನಮ್ಮ ಚರ್ಮದ ಹೊರಪದರದಲ್ಲೂ ಯೂರಿಯಾ ಇದೆ, ಅಲ್ಲಿ ನೀರನ್ನು ಹಿಡಿದಿಡುವ ವಸ್ತುಗಳಲ್ಲಿ ಅದೂ ಒಂದು. ಕ್ರೀಮಿಗೆ ಹಾಕುವುದು ಶುದ್ಧೀಕರಿಸಿ ತಯಾರಿಸಿದ್ದನ್ನು. ಹತ್ತರ ಆಸುಪಾಸಿನ ಪ್ರಮಾಣದಲ್ಲಿ ಅದು ಎರಡು ಕೆಲಸ ಮಾಡುತ್ತದೆ: ನೀರನ್ನು ಹಿಡಿದಿಡುತ್ತದೆ, ಎದ್ದುನಿಂತ ಹೊಟ್ಟನ್ನು ಮೆತ್ತಗಾಗಿಸಿ ಬಿಡಿಸುತ್ತದೆ. ಇಪ್ಪತ್ತು, ನಲವತ್ತು ಶೇಕಡಾದವು ದಪ್ಪಗಟ್ಟಿದ ಹಿಮ್ಮಡಿಗೆ, ಉಗುರಿಗೆ. ಇಡೀ ಕಾಲಿಗೆ ಬಳಿಯುವಂಥವಲ್ಲ. ಕೆಲವು ಟ್ಯೂಬುಗಳ ಮುಂದೆ ಯೂರಿಯಾ ಎಂದು ದೊಡ್ಡದಾಗಿ ಬರೆದು, ಎಷ್ಟು ಎಂಬುದನ್ನು ಎಲ್ಲೋ ಹಿಂದೆ ಬರೆದಿರುತ್ತಾರೆ. ಕೊಳ್ಳುವ ಮುಂಚೆ ಆ ಅಂಕಿಯನ್ನು ಹುಡುಕಿ ಓದಿ. ಸುವಾಸನೆ ಸೇರಿಸದ್ದೇ ಆಗಲಿ.

ಕ್ರೀಮ್ ಬಿಳಿ, ಗಟ್ಟಿ, ವಾಸನೆ ಇಲ್ಲ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಮ್ ಆಗುತ್ತದೆ. ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಮೊದಲು ಬಿಳಿ ಪಟ್ಟೆಯಾಗಿ ನಿಲ್ಲುತ್ತದೆ, ಎರಡು ನಿಮಿಷ ಬಿಟ್ಟರೆ ಒಳಗಿಳಿದು ಬರೀ ತುಸು ಅಂಟು ಉಳಿಯುತ್ತದೆ. ಐದನೇ ನಿಮಿಷಕ್ಕೆ ನಾನು ಕೀಬೋರ್ಡ್ ಮುಟ್ಟಬಲ್ಲೆ. ಇದಕ್ಕೇ ನನಗೆ ಇದು ಒಗ್ಗಿತು.

ಆದರೆ ಮೊದಲ ವಾರ ಏನೂ ಬದಲಾಗಲಿಲ್ಲ. ತಪ್ಪು ನನ್ನದು. ಮೈಯೆಲ್ಲ ಚೆನ್ನಾಗಿ ಒರೆಸಿ, ಬಟ್ಟೆ ಇಸ್ತ್ರಿ ಮಾಡಿ, ಹೊರಡುವ ಗಡಿಬಿಡಿಯಲ್ಲಿ ಹಚ್ಚುತ್ತಿದ್ದೆ. ಅಷ್ಟರಲ್ಲಿ ಚರ್ಮ ಪೂರ್ತಿ ಆರಿರುತ್ತಿತ್ತು, ಹಿಡಿದಿಡಲು ಅಲ್ಲಿ ನೀರೇ ಇರಲಿಲ್ಲ. ಈಗ ಸ್ನಾನದ ಮನೆಯಲ್ಲೇ ಟ್ಯೂಬ್ ಇಟ್ಟಿದ್ದೇನೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ, ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಟವೆಲ್ಲನ್ನು ಮೈಮೇಲೆ ಒತ್ತಿ ತೆಗೆದು, ಪಸೆ ಇರುವಾಗಲೇ ಹಚ್ಚುವುದು, ಮೂರು ನಿಮಿಷ ಮೀರಬಾರದು. ಇಷ್ಟು ಬದಲಾಯಿಸಿದ ಮೇಲೆ ಹತ್ತನೇ ದಿನಕ್ಕೆ ಗೀರಿದರೆ ಗೆರೆ ಮೂಡುವುದು ನಿಂತಿತು. ಸಾಕ್ಸ್ ಒಳಗಿನ ಹೊಟ್ಟು ಮೂರನೇ ವಾರದಿಂದ ಇಲ್ಲ. ರಾತ್ರಿ ನವೆಗೆ ಎಚ್ಚರವಾಗಿ ಕಾಲು ಕೆರೆಯುತ್ತಿದ್ದೆ, ಅದು ಹೋದದ್ದು ನನಗೆ ಎಲ್ಲಕ್ಕಿಂತ ದೊಡ್ಡದು.

ಕೈಯ ಕಥೆ ಬೇರೆ. ಬಿರುಕಿದ್ದ ಗೆಣ್ಣಿಗೆ ಈ ಕ್ರೀಮ್ ಸೋಕಿದಾಗ ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ಒಡೆದ ಚರ್ಮಕ್ಕೆ ಯೂರಿಯಾ ಉರಿಯುವುದು ಸಹಜವಂತೆ. ಇದನ್ನು ಟ್ಯೂಬಿನ ಮೇಲೆ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು. ಐದು ರಾತ್ರಿ ಗೆಣ್ಣಿಗೆ ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಹತ್ತಿಯ ಕೈಗವಸು ಹಾಕಿ ಮಲಗಿದೆ. ಬಿರುಕು ಕೂಡಿಕೊಂಡ ಮೇಲೆಯೇ ಯೂರಿಯಾಗೆ ಮರಳಿದ್ದು. ಜೊತೆಗೆ ಇನ್ನೊಂದು ಬದಲಾವಣೆ: ಕೈ ಕಣ್ಣಿಗೆ ಕಾಣುವಂತೆ ಕೊಳೆಯಾಗಿಲ್ಲದಾಗ ಸೋಪಿನ ಬದಲು ಆಲ್ಕೋಹಾಲ್ ಹ್ಯಾಂಡ್‌ರಬ್, ಅಂದರೆ ಸ್ಯಾನಿಟೈಸರ್. ಅದೇ ಹೆಚ್ಚು ಒಣಗಿಸುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ. ಪದೇ ಪದೇ ಸೋಪು, ನೀರು ಹಾಕುವುದೇ ಚರ್ಮಕ್ಕೆ ಹೆಚ್ಚು ಕೆಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಹ್ಯಾಂಡ್‌ರಬ್ ಸೂತ್ರದಲ್ಲಿ ಚರ್ಮಕ್ಕೆಂದೇ 1.45% ಗ್ಲಿಸರಿನ್ ಸೇರಿಸಿದ್ದಾರೆ.

ಮುಖಕ್ಕೆ ಇದನ್ನು ನಾನು ಹಚ್ಚುವುದಿಲ್ಲ. ಒಮ್ಮೆ ಕೆನ್ನೆಗೆ ಹಚ್ಚಿ ಕೆಂಪಾಗಿತ್ತು. ಅಲ್ಲಿಗೆ ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು) ಇರುವ ಸಾದಾ ಕ್ರೀಮ್, ತುಟಿಗೆ ಜೆಲ್ಲಿ. ಚಿಕ್ಕ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಎಕ್ಸಿಮಾ ಇರುವವರು, ಸಕ್ಕರೆ ಕಾಯಿಲೆಯಲ್ಲಿ ಕಾಲು ಒಡೆದಿರುವವರು ಕೂಡ ಮೊದಲು ತೋರಿಸಿಕೊಳ್ಳಿ.

ಟ್ಯೂಬಿನ ಮುಚ್ಚಳದ ಬಗ್ಗೆ ನನಗೆ ನಿಜವಾದ ತಕರಾರಿದೆ. ತಿರುಗಿಸಿ ತೆಗೆಯುವಂಥದ್ದು, ಕ್ರೀಮ್ ಹತ್ತಿದ ಒದ್ದೆ ಕೈಯಲ್ಲಿ ಜಾರುತ್ತದೆ. ಸ್ನಾನ ಮಾಡಿದ ಕೂಡಲೇ ಹಚ್ಚಬೇಕಾದ ವಸ್ತುವಿಗೆ ಒತ್ತಿದರೆ ತೆರೆಯುವ ಮುಚ್ಚಳ ಇರಬೇಕಿತ್ತು. ಹಾಗಿದ್ದರೂ ಎರಡನೇ ಸಲ ಅದನ್ನೇ ತಂದಿದ್ದೇನೆ. ದೊಡ್ಡ ಟ್ಯೂಬ್ ಸ್ನಾನದ ಮನೆಯಲ್ಲಿ, ಚಿಕ್ಕದು ಡ್ಯೂಟಿ ಕೋಟಿನ ಜೇಬಿನಲ್ಲಿ. ಮಧ್ಯಾಹ್ನ ಕೈ ತೊಳೆದು ಬಂದ ಮೇಲೆ ಮೀಟರಿನ ಅಂಕಿ ಬರೆಯುವ ಮೊದಲು ಒಂದು ಬೆರಳಷ್ಟು ಹಚ್ಚಿಕೊಳ್ಳುತ್ತೇನೆ.