ಚಳಿಯಲ್ಲಿ ಪ್ರೆಶರ್ ಕಮ್ಮಿ ತೋರಿಸಿತೆಂದು ರೆಗ್ಯುಲೇಟರ್ ಬಿಚ್ಚಲು ಬಿಡಬೇಡಿ

ಕೆ-ಜೆಟ್ರಾನಿಕ್ (ಬಾಷ್ ಕಂಪನಿಯ ಯಾಂತ್ರಿಕ ಪೆಟ್ರೋಲ್ ಇಂಜೆಕ್ಷನ್) ಇರುವ ಹಳೇ ಬೆಂಜ್, ಪೋರ್ಷೆ, ಗಾಲ್ಫ್ ಜಿಟಿಐ ಇಟ್ಟುಕೊಂಡವರು, ಅದರಲ್ಲೂ ಯುರೋಪಿನ ಚಳಿಯಲ್ಲಿ ಓಡಿಸುವವರು ದಯವಿಟ್ಟು ಗಮನಿಸಿ. ಸ್ಟುಟ್‌ಗಾರ್ಟ್ ಹತ್ತಿರ ನನ್ನ 1981ರ ಮರ್ಸಿಡಿಸ್ 280ಇಗೆ ಆದದ್ದು ನಿಮ್ಮ ಗಾಡಿಗೆ ಆಗಬಾರದು.

ಜನವರಿಯಲ್ಲಿ ಅದು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಒಮ್ಮೆ ಹಿಡಿದರೆ ಆಮೇಲೆ ಏನೂ ತೊಂದರೆಯಿಲ್ಲ. ಗ್ಯಾರೇಜಿನವರು ಅಂಗಳದಲ್ಲೇ ಗೇಜ್ ಹಾಕಿದರು. ಆಗ ಮೈನಸ್ 6 ಡಿಗ್ರಿ. ಸಿಸ್ಟಮ್ ಪ್ರೆಶರ್, ಅಂದರೆ ಪೆಟ್ರೋಲ್ ಲೈನಿನ ಮುಖ್ಯ ಒತ್ತಡ, 5 ಬಾರ್ ದಾಟಿತ್ತು, ಅದು ಸರಿ. ಗೇಜಿನ ವಾಲ್ವ್ ತೆರೆದು ಕಂಟ್ರೋಲ್ ಪ್ರೆಶರ್ ನೋಡಿದರೆ ಮುಳ್ಳು ಸರ್ರನೆ ಇಳಿದು ಅರ್ಧ ಬಾರ್‌ಗಿಂತ ತುಸು ಮೇಲೆ ನಿಂತಿತು. "3.5 ಇರಬೇಕಿತ್ತು, ರೆಗ್ಯುಲೇಟರ್ ಹೋಗಿದೆ" ಎಂದರು. ಕಂಟ್ರೋಲ್ ಪ್ರೆಶರ್ ಹೊಂದಿಸುವ ಆ ವಾರ್ಮ್-ಅಪ್ ರೆಗ್ಯುಲೇಟರನ್ನು ಬಿಚ್ಚಿ, ಒಳಗಿನ ಸೆಟ್ಟಿಂಗ್ ಬದಲಿಸಿ, ಪ್ರೆಶರ್ ಏರಿಸಿ ಕೊಟ್ಟರು. ಮರುದಿನ ಬೆಳಿಗ್ಗೆ ಜಪ್ಪಯ್ಯ ಅಂದರೂ ಗಾಡಿ ಸ್ಟಾರ್ಟ್ ಆಗಲಿಲ್ಲ.

ಆಗಿದ್ದಿಷ್ಟು. ಸಿಲಿಂಡರ್‌ಗಳಿಗೆ ಪೆಟ್ರೋಲ್ ಅಳೆದು ಹಂಚುವ ಫ್ಯೂಯಲ್ ಡಿಸ್ಟ್ರಿಬ್ಯೂಟರಿನ ಪ್ಲಂಜರನ್ನು (ಮೇಲೆ ಕೆಳಗೆ ಜಾರುವ ಕಡ್ಡಿ) ಕಂಟ್ರೋಲ್ ಪ್ರೆಶರ್ ಮೇಲಿನಿಂದ ಒತ್ತಿ ಹಿಡಿಯುತ್ತದೆ. ಒತ್ತಡ ಕಮ್ಮಿಯಾದಷ್ಟೂ ಪ್ಲಂಜರ್ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚು ಹೋಗುತ್ತದೆ. ತಣ್ಣಗಿರುವ ಎಂಜಿನ್‌ಗೆ ಬೇಕಾದದ್ದೇ ಅದು. ಹಾಗಾಗಿಯೇ ವಾರ್ಮ್-ಅಪ್ ರೆಗ್ಯುಲೇಟರಿನೊಳಗಿನ ಬೈಮೆಟಲ್ (ಎರಡು ಲೋಹ ಬೆಸೆದ) ಪಟ್ಟಿ ಚಳಿಗೆ ಬಾಗಿ ಒತ್ತಡ ಇಳಿಸುತ್ತದೆ. ಕರೆಂಟ್ ಹರಿದು ಪಟ್ಟಿ ಕಾದಂತೆ ಒತ್ತಡ ಕೆಲವೇ ನಿಮಿಷಗಳಲ್ಲಿ 3.5ರ ಆಸುಪಾಸಿಗೆ ಏರುತ್ತದೆ. ಅವರು ಹೇಳಿದ 3.5 ಬಿಸಿ ಎಂಜಿನ್ನಿನ ಲೆಕ್ಕ! ನೆಟ್ಟಗೆ ಕೆಲಸ ಮಾಡುತ್ತಿದ್ದ ರೆಗ್ಯುಲೇಟರನ್ನು ಕೆಡಿಸಿಟ್ಟರು. ಇದು ನನಗೆ ಈಗಲೂ ಸಹಿಸಲಾಗದ ಸಂಗತಿ. ಅಸಲಿ ದೋಷ ಇದ್ದದ್ದು ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಕೋಲ್ಡ್ ಸ್ಟಾರ್ಟ್ ವಾಲ್ವಿನ ಕನೆಕ್ಟರಿನಲ್ಲಿ, ಪಿನ್ನುಗಳ ಮೇಲೆ ಹಸಿರು ಕಿಲುಬು. ಅದನ್ನು ಕೆರೆದು ಸರಿಪಡಿಸಿದ್ದೂ, ರೆಗ್ಯುಲೇಟರನ್ನು ಮತ್ತೆ ಸೆಟ್ ಮಾಡಿದ್ದೂ ಬೇರೊಬ್ಬರು. ಎರಡು ಕಡೆಯೂ ದುಡ್ಡು ತೆತ್ತೆ.

ಚಳಿಯ ರೀಡಿಂಗ್ ಬೇಕಿದ್ದರೆ ಗಾಡಿ ರಾತ್ರಿಯಿಡೀ ತಣ್ಣಗೆ ನಿಂತಿರಬೇಕು. ರೆಗ್ಯುಲೇಟರಿನ ಪ್ಲಗ್ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡದೆ ಫ್ಯೂಯಲ್ ಪಂಪ್ ಮಾತ್ರ ಓಡಿಸಿ ನೋಡಬೇಕು. ಬಂದ ಅಂಕಿಯನ್ನು ರೆಗ್ಯುಲೇಟರ್ ಮೇಲೆ ಕೆತ್ತಿರುವ ನಂಬರಿನ ಗ್ರಾಫ್‌ನಲ್ಲಿ, ಆ ಹೊತ್ತಿನ ತಾಪಮಾನದ ಎದುರಿಗೆ ಹುಡುಕಬೇಕು.

ಅದಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದಿದೆ. ಪಂಪ್ ನಿಂತ ಮೇಲೂ ಅಕ್ಯುಮುಲೇಟರ್ (ಪೆಟ್ರೋಲಿನ ಒತ್ತಡ ಕಾಪಿಡುವ ಡಬ್ಬಿ) ಲೈನಿನಲ್ಲಿ ಒತ್ತಡ ಹಿಡಿದಿಟ್ಟಿರುತ್ತದೆ. ಗೇಜ್ ತೆಗೆಯಲು ನಟ್ ಸಡಿಲಿಸುತ್ತಿದ್ದಂತೆ ಪೆಟ್ರೋಲ್ ಚಿಮ್ಮಿ ಗ್ಯಾರೇಜಿನ ಹುಡುಗನ ತೋಳು ಮೊಣಕೈವರೆಗೂ ತೊಯ್ದುಹೋಯಿತು. ಕೈ ಕಾಯಿಸಿಕೊಳ್ಳಲೆಂದು ಹಚ್ಚಿದ್ದ ಗ್ಯಾಸ್ ಹೀಟರ್ ಪಕ್ಕದಲ್ಲೇ ಉರಿಯುತ್ತಿತ್ತು. ಚಳಿಯಲ್ಲಿ ಪೆಟ್ರೋಲ್ ಹತ್ತಿಕೊಳ್ಳುವುದಿಲ್ಲ ಎಂಬ ಭ್ರಮೆ ಬೇಡ, ಮೈನಸ್ 40ರ ಹತ್ತಿರದಲ್ಲೂ ಅದರ ಆವಿಗೆ ಕಿಡಿ ಸಾಕು. ನಟ್‌ಗೆ ಬಟ್ಟೆ ಸುತ್ತಿ ನಿಧಾನಕ್ಕೆ ಸಡಿಲಿಸಿ, ಬೆಂಕಿಯನ್ನು ದೂರವಿಡಿ.

ಗ್ಯಾರೇಜಿಗೆ ಬಿಟ್ಟರೆ ರೀಡಿಂಗ್ ಜೊತೆಗೆ ತಾಪಮಾನವನ್ನೂ ಬರೆದು ಕೊಡಲು ಹೇಳಿ. ಅದನ್ನು ನೋಡುವವರೆಗೆ ರೆಗ್ಯುಲೇಟರ್ ಮುಟ್ಟಲು ಒಪ್ಪಿಗೆ ಕೊಡಬೇಡಿ.