ಮಿನಿ ವಿಧಾನಸೌಧದ ಹತ್ರದ ಬಾಂಡ್ ರೈಟರ್ ಅಂಗಡಿ: 4 ಸ್ಟಾರ್, ಒಂದು ಯಾಕ ಕಟ್ ಮಾಡೇನಿ ಓದ್ರಿ

ಹುಬ್ಬಳ್ಯಾಗ ಬಾಡಗಿ ಮನಿ ಹಿಡಿಯೋ ನಮ್ಮಂಥೋರಿಗೆ ಕರಾರುಪತ್ರ ಅಂದ್ರ ಗ್ಯಾಸ್ ಕನೆಕ್ಷನ್‌ಗೆ ಬೇಕಾಗೋ ಕಾಗದ ಅಷ್ಟ. ಹೋದ ವರ್ಷ ಕೇಶ್ವಾಪುರದ ಮನಿ ಓನರ್ "ಮಗನ ಮದವಿ ಐತಿ, ಐತಾರದೊಳಗ ಖಾಲಿ ಮಾಡ್ರಿ" ಅಂದಾಗ ನನ್ನ ಕಡೆ ಒಂದು ಚೀಟಿನೂ ಇರಲಿಲ್ಲ, ಡಿಪಾಸಿಟ್ ಕೊಟ್ಟಿದ್ದಕ್ಕೂ ಬರೇ ಬಾಯಿಮಾತು. ಅದಕ್ಕ ಈ ಸಲ ಗೋಕುಲ ರೋಡ್ ಕಡೆ ಮನಿ ಸಿಕ್ಕ ಕೂಡ್ಲೆ ಹೊಸಾ ಓನರ್ ಕಾಕಾನ್ನ ಗಾಡಿ ಮ್ಯಾಲ ಕುಂದ್ರಿಸ್ಕೊಂಡು ಸೀದಾ ಇಲ್ಲಿಗೆ ಬಂದೆ.

ಬೋರ್ಡ್ ಇಲ್ಲ ಏನಿಲ್ಲ, ಒಂದು ಟೇಬಲ್, ಒಂದು ಕಂಪ್ಯೂಟರ್, ಗರಗರ ಅನ್ನೋ ಝೆರಾಕ್ಸ್ ಮಷಿನ್. ಕಾಕಾ ತಂದಿದ್ದ ಫಾರ್ಮ್ಯಾಟ್‌ನಾಗ "ಮಾಲಕರು ಹೇಳಿದ ಕೂಡಲೇ ತಕರಾರಿಲ್ಲದೆ ಮನೆ ಖಾಲಿ ಮಾಡತಕ್ಕದ್ದು" ಅಂತ ಇತ್ತು. ಬಾಂಡ್ ರೈಟರ್ ಅಜ್ಜಾರು ಚಸ್ಮಾ ಹಣಿಗೆ ಏರಿಸಿ, ಕೆಂಪ ಪೆನ್ನಿಲೆ ಅದರ ಮ್ಯಾಲ ಗೆರಿ ಎಳದು, "ಯಜಮಾನ್ರ, ಏನೂ ಬರೀದಿದ್ರೂ ತಿಂಗಳ ಬಾಡಗಿದಾರಗ 15 ದಿನದ ನೋಟಿಸ್ ಕೊಡಬೇಕ್ರಿ, 1882ರ ಆಸ್ತಿ ವರ್ಗಾವಣೆ ಕಾಯ್ದೆದಾಗ ಐತಿ, ಸುಮ್ನ ಜಗಳಕ್ಕ ದಾರಿ ಯಾಕ?" ಅಂದ್ರು. ಆಮ್ಯಾಲ ಎರಡು ತಿಂಗಳ ಲಿಖಿತ ನೋಟಿಸ್, ಕೀಲಿ ಕೊಟ್ಟ ದಿನಾನ ಡಿಪಾಸಿಟ್ ವಾಪಸ್, ನಳದ ನೀರು ಕರೆಂಟು ಬಂದ್ ಮಾಡಂಗಿಲ್ಲ ಅಂತ ಸೇರಿಸಿದ್ರು (ನಳಕ್ಕ ನೀರು ಮೊದ್ಲ ಬರಬೇಕಲ್ಲ, ಅದು ಬ್ಯಾರೆ ಮಾತು). ಇಬ್ರಿಗೂ ಕೇಳೋ ಹಂಗ ಪೂರ್ತಿ ಓದಿನ ಸಹಿ ಹಾಕಿಸಿದ್ರು.

ಎಲ್ಲಾರೂ 11 ತಿಂಗಳೇ ಯಾಕ ಬರಸ್ತಾರ ಅಂತ ಕೇಳ್ದೆ. ಒಂದು ವರ್ಷ ದಾಟಿದ್ರ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಜಿಸ್ಟ್ರಾರ್ ಆಫೀಸ್‌ನಾಗ ರಜಿಸ್ಟರ್ ಮಾಡಸಬೇಕಂತ, ಆ ಖರ್ಚು ಉಳಸಾಕ ಹಿಂಗ. ಆದ್ರ ಹನ್ನೊಂದನೇ ತಿಂಗಳಿಗೆ ಎದಿ ಡವಡವ ಅನ್ನೋದು ನಮ್ದು, ಓನರ್‌ದಲ್ಲ.

ನವನಗರದ ಲಾ ಯೂನಿವರ್ಸಿಟ್ಯಾಗ ಓದೋ ನನ್ನ ತಂಗಿ ಕಾಗದ ನೋಡಿ, "ಅಣ್ಣಾ, ಇದಕ್ಕ ಹಿಡುವಳಿ ಭದ್ರತೆ ಅಂತಾರ, ಅಂದ್ರ ಯಾರೂ ಮನಸಿಗೆ ಬಂದಂಗ ಮನಿ ಬಿಡಿಸಂಗಿಲ್ಲ ಅನ್ನೋ ಕಾನೂನಿನ ರಕ್ಷಣೆ, 1991ರಾಗ ವಿಶ್ವಸಂಸ್ಥೆ ಸಮಿತಿ ತಲಿ ಮ್ಯಾಲ ಸೂರು ಇದ್ರ ಸಾಲದು, ಸರಿಯಾದ ಮನಿ ಅನ್ನಾಕ ಇವು ಬೇಕು ಅಂತ ಏಳು ಅಂಶ ಹೇಳೇತಿ, ಮೊದಲನೇದ ಇದು, ಬಾಡಗಿ ಮನ್ಯಾಗ ಇರೋರಿಗೂ ಸ್ಲಂನಾಗ ಇರೋರಿಗೂ" ಅಂದ್ಲು. ನಾ ಅದನ್ನ 500 ರೂಪಾಯಿ ಟೈಪಿಂಗ್ ಖರ್ಚು ಅಂದ್ಕೊಂಡಿದ್ದೆ.

ಸ್ಟಾರ್ ಕಟ್ ಮಾಡಿದ್ದು ಯಾಕಂದ್ರ, ನಮ್ಮಪ್ಪನ ಹೆಸರು ಎರಡು ಸಲ ತಪ್ಪು ಹೊಡದ್ರು, ಎರಡನೇ ಪ್ರಿಂಟಿಗೂ ರೊಕ್ಕ ಇಸ್ಕೊಂಡ್ರು. ಸೋಮವಾರ ಹೋಗಬ್ಯಾಡ್ರಿ, ಎರಡು ತಾಸು ನಿಲ್ಲಬೇಕಾಕ್ಕೇತಿ. ಓನರ್ ಆಧಾರ್ ಝೆರಾಕ್ಸ್ ಮನಿಂದಾನ ಒಯ್ರಿ.