3-4, 4-2-5, 3-3-5: ನಮ್ಮ ಹುಡುಗರಿಗೆ ಒಗ್ಗಿದ್ದು ಯಾವುದು?

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಡಿವಿಷನ್ 3 ಕಾಲೇಜುಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಅಂಥದ್ದೊಂದು ಕಾಲೇಜಿನಲ್ಲಿ ನಾನು ಡಿಫೆನ್ಸ್ ಕಡೆಯ ಸಹಾಯಕ ಕೋಚ್. ಯಾವ ಹುಡುಗರು ಸೇರುತ್ತಾರೋ ಅವರಿಗೆ ತಕ್ಕ ಹಾಗೆ ಡಿಫೆನ್ಸ್ ಕಟ್ಟಬೇಕು. ಬೌಲರ್ ನೋಡಿ ಫೀಲ್ಡಿಂಗ್ ನಿಲ್ಲಿಸುತ್ತೇವಲ್ಲ, ಹಾಗೆ. 3-4, 4-2-5, 3-3-5 ಅಂದರೆ ಹನ್ನೊಂದು ಜನರ ಡಿಫೆನ್ಸ್ ನಿಲ್ಲುವ ಮೂರು ರೀತಿ. ಬೇರೆ ಬೇರೆ ಸೀಸನ್‌ಗಳಲ್ಲಿ ಈ ಮೂರನ್ನೂ ಆಡಿಸಿ ನೋಡಿದ್ದೇವೆ. ಮೊದಲ ಅಂಕಿ ಮುಂದಿನ ಸಾಲಿನ ಲೈನ್‌ಮನ್‌ಗಳದ್ದು, ಎರಡನೆಯದು ಅವರ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳದ್ದು. ಉಳಿದವರು ಇನ್ನೂ ಹಿಂದೆ ನಿಂತು ಪಾಸ್ ತಡೆಯುವ ಕಾರ್ನರ್ ಮತ್ತು ಸೇಫ್ಟಿಗಳು.

3-4ರ ಮಾತು ಬೇಗ ಮುಗಿಯುತ್ತದೆ. ಹಳೇ ಶೈಲಿಯ 3-4ರಲ್ಲಿ ನಡುವಿನ ಲೈನ್‌ಮನ್ ಆದ ನೋಸ್ ಟ್ಯಾಕಲ್ ಒಬ್ಬನೇ, ಎದುರಾಳಿ ಸಾಲಿನ ನಡುವಿನವನಾದ ಸೆಂಟರ್‌ನ ಎರಡೂ ಪಕ್ಕದ ಗ್ಯಾಪ್ (ಚೆಂಡು ಹಿಡಿದವನು ನುಗ್ಗುವ ಸಂದಿ) ಕಾಯಬೇಕು. ಇಬ್ಬರು ಒಟ್ಟಿಗೆ ತಳ್ಳಿದರೂ ಜಾಗ ಬಿಡಬಾರದು. ಅದಕ್ಕೆ 135 ಕಿಲೋಗೆ ಕಡಿಮೆ ಇಲ್ಲದ, ಕಾಲಲ್ಲಿ ಬಲ ಇರುವ ಹುಡುಗ ಬೇಕು. ಅಂಥವನನ್ನು ದೊಡ್ಡ ಕಾಲೇಜುಗಳು ಮೊದಲೇ ಎತ್ತಿಕೊಂಡು ಹೋಗಿರುತ್ತವೆ. ಅವನಿಲ್ಲದೆ ಇದನ್ನು ಆಡಿಸಬೇಡಿ, ಅಷ್ಟೇ.

4-2-5 ಅಂದರೆ ಟೆಕ್ಸಾಸ್‌ನ ಟಿಸಿಯು ಕಾಲೇಜು, ಅಲ್ಲಿ ಕೋಚ್ ಆಗಿದ್ದ ಗ್ಯಾರಿ ಪ್ಯಾಟರ್ಸನ್. ಅವರ ತಂಡ 2010ರ ಸೀಸನ್‌ನಲ್ಲಿ 13 ಪಂದ್ಯಗಳನ್ನೂ ಗೆದ್ದಿತು. ಕೊನೆಗೆ ಸೀಸನ್ ಮುಗಿಯುವ ದೊಡ್ಡ ಪಂದ್ಯವಾದ ರೋಸ್ ಬೌಲ್‌ನಲ್ಲಿ ವಿಸ್ಕಾನ್ಸಿನ್‌ನ ಭಾರೀ ಲೈನ್ ಎದುರು 21-19ರ ಗೆಲುವು. ಅವರು ಮೈತೂಕಕ್ಕಿಂತ ಓಟಕ್ಕೆ ಬೆಲೆ ಕೊಟ್ಟರು. ಹೈಸ್ಕೂಲಿನಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಆಗಿದ್ದ ಜೆರ್ರಿ ಹ್ಯೂಸ್‌ನನ್ನು ಡಿಫೆನ್ಸಿವ್ ಎಂಡ್ (ಸಾಲಿನ ತುದಿಯ ಲೈನ್‌ಮನ್) ಮಾಡಿದರು. ಆತ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೊಸಬರನ್ನು ಆರಿಸುವ 2010ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾದ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಮುಂದಿನ ಆರು ಜನರಿಗೆ ಒಂದು ಕರೆ (ಹೇಗೆ ಆಡಬೇಕೆಂಬ ಸೂಚನೆ), ಹಿಂದಿನ ಐವರಿಗೆ ಬೇರೆ ಕರೆ ಇರುವುದು. ಮೈದಾನದ ಎರಡು ಅರ್ಧಕ್ಕೂ ಕವರೇಜ್, ಅಂದರೆ ಪಾಸ್ ಕಾಯುವ ರೀತಿ, ಬೇರೆ ಬೇರೆ. ಹೊಸ ಹುಡುಗ ತನ್ನ ಅರ್ಧ ಕಲಿತರೆ ಸಾಕು, ಆಡಬಹುದು.

3-3-5ರಲ್ಲಿ ಮೂರೇ ಲೈನ್‌ಮನ್. ದಪ್ಪ ಹುಡುಗರು ಕಡಿಮೆ ಇರುವಲ್ಲಿ ಇದು ವರ. ನಾಲ್ಕನೆಯವನಾಗಿ ಯಾರು ನುಗ್ಗುತ್ತಾರೆ ಅಂತ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಗೊತ್ತಾಗುವುದಿಲ್ಲ. ಅಯೋವಾ ಸ್ಟೇಟ್ ಇದಕ್ಕೆ ಮೂವರು ಸೇಫ್ಟಿಗಳನ್ನು ಹಿಂದೆ ನಿಲ್ಲಿಸಿ ಬೇರೆಯದೇ ರೂಪ ಕೊಟ್ಟಿತು. 2017ರಲ್ಲಿ ಎದುರಾಳಿಯ ಊರು ನಾರ್ಮನ್‌ಗೇ ಹೋಗಿ, ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಇದ್ದ 3ನೇ ರ‍್ಯಾಂಕಿನ ಒಕ್ಲಹೋಮಾವನ್ನು 38-31ರಲ್ಲಿ ಸೋಲಿಸಿತು. ಅವರ ಲೈನ್‌ಬ್ಯಾಕರ್ ಜೋಯಲ್ ಲ್ಯಾನಿಂಗ್ ಹಿಂದಿನ ವರ್ಷ ಕ್ವಾರ್ಟರ್‌ಬ್ಯಾಕ್! ಇರುವವರಲ್ಲೇ ದಾರಿ ಹುಡುಕುವುದು ಅಂದರೆ ಇದೇ ಅಲ್ವಾ?

ಆದರೆ ನಮ್ಮಲ್ಲಿ ಇದು ಒಂದು ಜಾಗದಲ್ಲಿ ಸೋರುತ್ತಿತ್ತು. ನಮ್ಮ ಹೊರಗಿನ ಲೈನ್‌ಬ್ಯಾಕರ್ ಸೇಫ್ಟಿಯಾಗಿ ಬೆಳೆದ ತೆಳ್ಳಗಿನ ಹುಡುಗ. ಮುಂದೆ ಮೂವರೇ ಇರುವಾಗ ಸೆಂಟರ್ ಪಕ್ಕದ ಎದುರಾಳಿ ಗಾರ್ಡ್‌ಗೆ ತಡೆಯಲು ಯಾರೂ ಸಿಗದೆ ನೇರ ಇವನ ಮೇಲೆ ಬರುತ್ತಿದ್ದ. ಹುಡುಗ ಸರಿಯಾದ ಜಾಗದಲ್ಲೇ ನಿಂತಿರುತ್ತಿದ್ದ, ಭುಜವನ್ನೂ ಸರಿಯಾಗಿ ಕೊಡುತ್ತಿದ್ದ, ಆದರೂ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದ. ಅಷ್ಟರಲ್ಲಿ ಐದು ಗಜ ಹೋಯಿತು. ಮತ್ತೆ ಐದು ಗಜ. ದೊಡ್ಡ ಹೊಡೆತ ಬೀಳುವುದಿಲ್ಲ, ನಿಜ. ಆದರೆ ನಮ್ಮ ಡಿಫೆನ್ಸ್ ಮೈದಾನದಿಂದ ಹೊರಗೆ ಬರುವುದೇ ಇಲ್ಲ. ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಹುಡುಗರ ಕಾಲು ಸೋತಿರುತ್ತದೆ.

ಅದೇ ಹುಡುಗ 4-2-5ರಲ್ಲಿ ಸ್ಲಾಟ್ ರಿಸೀವರ್ (ಲೈನ್‌ಗೆ ಹತ್ತಿರ ನಿಂತು ಪಾಸ್ ಹಿಡಿಯುವವನು) ಎದುರು ನಿಂತ. ಮುಂದೆ ನಾಲ್ವರಿದ್ದದ್ದರಿಂದ ಗಾರ್ಡ್‌ಗಳು ಅಲ್ಲೇ ಸಿಕ್ಕಿಹಾಕಿಕೊಂಡರು, ಇವನವರೆಗೆ ಬರಲಿಲ್ಲ. ಆಮೇಲೆ ಅವನ ಓಟ ಕೆಲಸಕ್ಕೆ ಬಂತು. ಹೊರಗಿನ ರನ್‌ಗಳನ್ನು ಸೈಡ್‌ಲೈನ್‌ಗೆ ಅಟ್ಟಿಕೊಂಡು ಹೋಗಿ ಕೆಡವುತ್ತಿದ್ದ.

ಹಾಗಾಗಿ ಇಬ್ಬರು ಸಾಧಾರಣ ಟ್ಯಾಕಲ್‌ಗಳು (ನಡುವಿನ ಲೈನ್‌ಮನ್‌ಗಳು) ಸಿಕ್ಕರೂ ನನ್ನ ಮತ 4-2-5ಕ್ಕೆ. 110 ಕಿಲೋ ಇದ್ದರೂ ನಡೆಯುತ್ತದೆ, ಒಬ್ಬೊಬ್ಬನಿಗೆ ಒಂದೇ ಗ್ಯಾಪ್ ತಾನೇ. ಒಬ್ಬನೇ ಇದ್ದರೆ 3-3-5, ಆದರೆ ಆಗ ಲೈನ್‌ಬ್ಯಾಕರ್‌ಗಳು ಮೂವರೂ ಗಟ್ಟಿ ಇರಬೇಕು. ಈಗ ನಾವು 4-2-5 ಆಡುತ್ತೇವೆ. ಮೂರನೇ ಡೌನ್‌ಗೆ (ಹತ್ತು ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದಕ್ಕೆ) ಎದುರಾಳಿಗೆ ಏಳೆಂಟು ಗಜ ಬೇಕಿದ್ದಾಗ ಮಾತ್ರ ಒಬ್ಬ ಟ್ಯಾಕಲ್‌ನನ್ನು ಹೊರಗೆ ಕರೆದು, ಒಬ್ಬ ಲೈನ್‌ಬ್ಯಾಕರ್‌ನನ್ನು ಒಳಗೆ ಕಳಿಸಿ, 3-3-5ಗೆ ಬದಲಾಯಿಸುತ್ತೇವೆ.